ಸಂಘದ ಸದಸ್ಯತ್ವ ನೋಡಿ ಮನೆ ಅಡವಿಡಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಬಟ್ಟೆ ವ್ಯಾಪಾರ. ಮಗಳು ಎರಡನೇ ಪಿಯುಸಿಯಲ್ಲಿದ್ದಾಳೆ. ಚಿಕ್ಕಂದಿನಿಂದಲೂ ಚಿತ್ರ ಬಿಡಿಸುವುದೆಂದರೆ ಪ್ರಾಣ. ಅಮೆರಿಕದ ಒಂದು ಸಣ್ಣ ಖಾಸಗಿ ಕಲಾ ಕಾಲೇಜಿನಲ್ಲಿ ಇಲಸ್ಟ್ರೇಶನ್ ಬಿಎಫ್ಎ ಪದವಿಗೆ ಸೀಟು ಸಿಕ್ಕಿದೆ. ವರ್ಷಕ್ಕೆ 48,000 ಡಾಲರ್ ಫೀಸು, ಅದರಲ್ಲಿ 20,000 ಡಾಲರ್ ಸ್ಕಾಲರ್‌ಶಿಪ್ ಎಂದು ಪತ್ರ ಬಂದಿದೆ. ‘ಈ ಕಾಲೇಜು ಎಐಸಿಎಡಿ ಎಂಬ ಸಂಘದ ಸದಸ್ಯ. ಅಂದರೆ ಸರ್ಕಾರಿ ಮಾನ್ಯತೆ ಇದ್ದ ಹಾಗೇ. ಒಂದು ವೇಳೆ ಕಾಲೇಜು ಮುಚ್ಚಿದರೂ ಸಂಘದ ಇನ್ನೊಂದು ಕಾಲೇಜು ಅದೇ ಫೀಸಿಗೆ ಸೇರಿಸಿಕೊಳ್ಳುತ್ತದೆ’ ಅಂತ ಕನ್ಸಲ್ಟೆನ್ಸಿಯವರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗ, ಫಿಲಡೆಲ್ಫಿಯಾದಲ್ಲಿ ಇಂಥದ್ದೇ ಕಾಲೇಜು ಒಂದೇ ವಾರದಲ್ಲಿ ಬಾಗಿಲು ಹಾಕಿತು ಅನ್ನುತ್ತಾನೆ. ಮನೆ ಅಡವಿಟ್ಟು ಸಾಲ ತೆಗೆಯಬೇಕು. ಮೇ 1ರೊಳಗೆ ಡಿಪಾಸಿಟ್ ಕಟ್ಟಬೇಕು. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ತಮ್ಮನ ಮಗ ಹೇಳಿದ್ದು ನಿಜ. ಕನ್ಸಲ್ಟೆನ್ಸಿಯವರು ಹೇಳಿದ್ದರಲ್ಲಿ ಕಾಲೇಜು ಆ ಸಂಘದ ಸದಸ್ಯ ಎನ್ನುವುದು ನಿಜವಿರಬಹುದು, ಉಳಿದದ್ದು ನಿಜವಲ್ಲ. ಆ ಉಳಿದ ಮಾತನ್ನು ನಂಬಿಯೇ ನೀವು ಮನೆ ಅಡವಿಡಲು ಹೊರಟಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಐಸಿಎಡಿ, ಅಂದರೆ ಅಸೋಸಿಯೇಷನ್ ಆಫ್ ಇಂಡಿಪೆಂಡೆಂಟ್ ಕಾಲೇಜಸ್ ಆಫ್ ಆರ್ಟ್ ಅಂಡ್ ಡಿಸೈನ್, 1991ರಲ್ಲಿ ಹುಟ್ಟಿದ ಸಂಘ. ಅಮೆರಿಕ ಮತ್ತು ಕೆನಡಾದ ಸುಮಾರು ನಲವತ್ತು ಕಲಾ ಮತ್ತು ವಿನ್ಯಾಸ ಕಾಲೇಜುಗಳು ಇದರಲ್ಲಿವೆ. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್, ನ್ಯೂಯಾರ್ಕಿನ ಪ್ರ್ಯಾಟ್, ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನ ಸ್ಕೂಲ್, ಕ್ಯಾಲ್‌ಆರ್ಟ್ಸ್, ಬಾಲ್ಟಿಮೋರಿನ ಮೈಕಾ ಇಂಥ ದೊಡ್ಡ ಹೆಸರುಗಳೂ ಇವೆ, ನಾಲ್ಕೈದು ನೂರು ವಿದ್ಯಾರ್ಥಿಗಳ ಸಣ್ಣ ಕಾಲೇಜುಗಳೂ ಇವೆ. ಸಂಘ ಇವರಿಗೆಲ್ಲ ಒಟ್ಟಾಗಿ ಕೆಲವು ಕೆಲಸ ಮಾಡಿಕೊಡುತ್ತದೆ. ಅಂಕಿ-ಅಂಶ ಹಂಚಿಕೊಳ್ಳುವುದು, ಆಡಳಿತಗಾರರ ಸಭೆ ನಡೆಸುವುದು, ಹೊಸದಾಗಿ ಎಂಎಫ್ಎ (ಕಲೆಯ ಸ್ನಾತಕೋತ್ತರ ಪದವಿ) ಮುಗಿಸಿದವರಿಗೆ ಬೋಧನಾ ಫೆಲೋಶಿಪ್ ಕೊಡಿಸುವುದು, ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಇನ್ನೊಂದು ಕಾಲೇಜಿಗೆ ಹೋಗಿ ಓದಿ ಬರುವ ಏರ್ಪಾಡು. ಒಳ್ಳೆಯ ಕೆಲಸಗಳೇ. ಆದರೆ ಇದರಲ್ಲಿ ಎಲ್ಲೂ ‘ಈ ಕಾಲೇಜು ನಾಲ್ಕು ವರ್ಷ ಉಳಿಯುತ್ತದೆ, ನಾವು ಜವಾಬ್ದಾರರು’ ಎನ್ನುವ ಮಾತಿಲ್ಲ. ನೀವು ವ್ಯಾಪಾರಸ್ಥರು, ನಿಮಗೆ ಬೇಗ ಹೊಳೆಯುತ್ತದೆ: ವರ್ತಕರ ಸಂಘದ ಬೋರ್ಡು ಗೋಡೆಯ ಮೇಲಿದ್ದ ಮಾತ್ರಕ್ಕೆ ಅಂಗಡಿ ದಿವಾಳಿಯಾಗುವುದಿಲ್ಲ ಎಂದು ಯಾರೂ ಸಾಲ ಕೊಡುವುದಿಲ್ಲ.

ಸದಸ್ಯತ್ವದಿಂದ ತಿಳಿಯುವ ಒಂದು ಮುಖ್ಯ ಸಂಗತಿ ಇದೆ, ಅದನ್ನು ಕಡೆಗಣಿಸಬೇಡಿ. ಈ ಕಾಲೇಜುಗಳು ಲಾಭಕ್ಕಾಗಿ ನಡೆಯುವ ಕಂಪನಿಗಳಲ್ಲ. ಹೆಚ್ಚಿನವು ಟ್ರಸ್ಟಿಗಳ ಕೈಯಲ್ಲಿರುವ ಲಾಭರಹಿತ ಸಂಸ್ಥೆಗಳು. ಬಾಸ್ಟನ್ನಿನ ಮಾಸ್‌ಆರ್ಟ್ ತರಹ ಸರ್ಕಾರಿ ಕಾಲೇಜೂ ಸದಸ್ಯರಲ್ಲಿದೆ. ‘ದಿ ಆರ್ಟ್ ಇನ್‌ಸ್ಟಿಟ್ಯೂಟ್ಸ್’ ಎಂಬ ಹೆಸರಲ್ಲಿ ಊರೂರಲ್ಲಿ ಶಾಖೆ ತೆರೆದಿದ್ದ ಸರಪಳಿಯ ಕಥೆಯೇ ಬೇರೆ. ಬಹುಕಾಲ ಲಾಭಕ್ಕಾಗಿ ನಡೆದ ಅದು 2023ರ ಸೆಪ್ಟೆಂಬರ್ 30ಕ್ಕೆ ಪೂರ್ತಿ ಮುಚ್ಚಿತು. ಅಲ್ಲಿ ಓದಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರ 600 ಕೋಟಿ ಡಾಲರಿಗೂ ಮಿಕ್ಕಿದ ಸಾಲವನ್ನು ಅಮೆರಿಕ ಸರ್ಕಾರ 2024ರಲ್ಲಿ ಮನ್ನಾ ಮಾಡಿತು, ಸಂಸ್ಥೆ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಿತ್ತು ಎಂಬ ಕಾರಣಕ್ಕೆ. ನಮ್ಮ ಕಡೆಯ ಪೋಷಕರು ಇದನ್ನೂ ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನ ಸ್ಕೂಲನ್ನೂ ಒಂದೇ ಅಂದುಕೊಳ್ಳುವುದುಂಟು. ಎರಡಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದರೆ ಆ ಜಾತಿಯ ಮೋಸದ ಭಯ ಕಡಿಮೆ. ಆದರೆ ಮೋಸ ಮಾಡದ ಪ್ರಾಮಾಣಿಕ ಕಾಲೇಜಿಗೂ ದುಡ್ಡು ಮುಗಿಯಬಹುದು. ನಿಮ್ಮ ಪ್ರಶ್ನೆ ನಿಂತಿರುವುದು ಅಲ್ಲಿ.

ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಇದೇ ಸಂಘದ ಸದಸ್ಯನಾಗಿತ್ತು. 1876ರಿಂದ ನಡೆದು ಬಂದ ಸಂಸ್ಥೆ. 2024ರ ಮೇ 31ರಂದು ಮುಚ್ಚುವ ಸುದ್ದಿ ಹೊರಬಿತ್ತು, ಜೂನ್ 7ಕ್ಕೆ ಬಾಗಿಲು ಹಾಕಿತು. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಎಷ್ಟೋ ಮಂದಿಗೆ, ಅಧ್ಯಾಪಕರಿಗೂ ಸೇರಿ, ವಿಷಯ ಮೊದಲು ತಿಳಿದದ್ದು ಪತ್ರಿಕೆಯಿಂದ. ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಆಮೇಲೆ ಈ ಮಕ್ಕಳನ್ನು ತೆಗೆದುಕೊಳ್ಳಲು ಮೊದಲು ಮುಂದೆ ಬಂದವರು ಅದೇ ಊರಿನ ಟೆಂಪಲ್ ವಿಶ್ವವಿದ್ಯಾಲಯ, ಡ್ರೆಕ್ಸೆಲ್ ವಿಶ್ವವಿದ್ಯಾಲಯ ಮತ್ತು ಮೂರ್ ಕಾಲೇಜು. ಈ ಮೂರರಲ್ಲಿ ಎಐಸಿಎಡಿ ಸದಸ್ಯ ಮೂರ್ ಮಾತ್ರ. ಮಕ್ಕಳನ್ನು ಉಳಿಸಿದ್ದು ಹತ್ತಿರದ ಊರು, ಹೊಂದುವ ಕೋರ್ಸು ಮತ್ತು ಆಯಾ ಕಾಲೇಜಿನ ಮನಸ್ಸು. ಸಂಘದ ಯಾವ ಕರಾರೂ ಅಲ್ಲ, ಏಕೆಂದರೆ ಅಂಥ ಕರಾರು ಇಲ್ಲ.

ಕನ್ಸಲ್ಟೆನ್ಸಿಯವರು ಬಹುಶಃ ಸಂಘದ ‘ಮೊಬಿಲಿಟಿ’ ಕಾರ್ಯಕ್ರಮವನ್ನೇ ಹಿಗ್ಗಿಸಿ ಹೇಳಿದ್ದಾರೆ. ಅದರಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ ಒಂದು ಸೆಮಿಸ್ಟರ್ ಬೇರೆ ಸದಸ್ಯ ಕಾಲೇಜಿನಲ್ಲಿ ಓದುತ್ತಾಳೆ, ಫೀಸನ್ನು ತನ್ನ ಸ್ವಂತ ಕಾಲೇಜಿಗೇ ಕಟ್ಟುತ್ತಾಳೆ, ಮುಗಿಸಿ ವಾಪಸ್ ಬರುತ್ತಾಳೆ. ಸೀಟು ಕಡಿಮೆ, ಪೋರ್ಟ್‌ಫೋಲಿಯೊ ನೋಡಿ ತೆಗೆದುಕೊಳ್ಳುತ್ತಾರೆ. ಮಗಳಿಗೆ ಬೇರೆ ಊರಿನ ಸ್ಟುಡಿಯೊ, ಬೇರೆ ಮೇಷ್ಟ್ರುಗಳ ಕಣ್ಣು ಸಿಗುವ ನಿಜವಾದ ಲಾಭ ಇದರಲ್ಲಿದೆ. ಆದರೆ ಸ್ವಂತ ಕಾಲೇಜೇ ಇಲ್ಲವಾದರೆ ಈ ಏರ್ಪಾಡೂ ಇಲ್ಲ. ಶಾಶ್ವತವಾಗಿ ಕಾಲೇಜು ಬದಲಿಸುವುದು ಬೇರೆಯೇ ವ್ಯವಹಾರ: ಹೊಸ ಅರ್ಜಿ, ಹೊಸ ಪೋರ್ಟ್‌ಫೋಲಿಯೊ ಪರಿಶೀಲನೆ, ಹೊಸ ಸ್ಕಾಲರ್‌ಶಿಪ್ ತೀರ್ಮಾನ. ಹಳೆಯ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಒಪ್ಪಬೇಕು ಎಂಬುದು ಹೊಸ ಕಾಲೇಜಿನ ಇಷ್ಟ. ಸ್ಟುಡಿಯೊ ಕ್ರೆಡಿಟ್‌ಗಳಲ್ಲಿ ನಷ್ಟ ಹೆಚ್ಚು, ಏಕೆಂದರೆ ಒಂದು ಕಾಲೇಜಿನ ‘ಡ್ರಾಯಿಂಗ್ 2’ ಇನ್ನೊಂದರ ‘ಡ್ರಾಯಿಂಗ್ 2’ಕ್ಕೆ ಸಮ ಎಂದು ಒಪ್ಪಿಸಲು ಕೆಲಸ ತೋರಿಸಬೇಕಾಗುತ್ತದೆ.

ಇನ್ನು ‘ಸರ್ಕಾರಿ ಮಾನ್ಯತೆ’ಯ ಮಾತು. ನಮ್ಮ ಯುಜಿಸಿ ತರಹ ನೇರವಾಗಿ ಮಾನ್ಯತೆ ಕೊಡುವ ಕೇಂದ್ರ ಸಂಸ್ಥೆ ಅಮೆರಿಕದಲ್ಲಿಲ್ಲ. ಅಲ್ಲಿನ ಶಿಕ್ಷಣ ಇಲಾಖೆ ಒಪ್ಪಿದ ಅಕ್ರೆಡಿಟೇಶನ್ ಸಂಸ್ಥೆಗಳು ಕಾಲೇಜನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತವೆ. ಎಐಸಿಎಡಿ ಅಂಥ ಸಂಸ್ಥೆಯಲ್ಲ. ನ್ಯಾಸಾಡ್ ಎಂಬ ಇನ್ನೊಂದು ಹೆಸರೂ ಕಾಲೇಜಿನ ಕೈಪಿಡಿಯಲ್ಲಿ ಕಾಣಬಹುದು. ಅದು ಕಲೆ ಮತ್ತು ವಿನ್ಯಾಸಕ್ಕೆ ಸೀಮಿತವಾದ ಅಕ್ರೆಡಿಟೇಶನ್, ಇದ್ದರೆ ಒಳ್ಳೆಯದು. ಆದರೆ ನೀವು ಮೊದಲು ನೋಡಬೇಕಾದದ್ದು ಇಡೀ ಕಾಲೇಜಿಗೆ ಸಿಕ್ಕಿರುವ ಅಕ್ರೆಡಿಟೇಶನ್: ಶಿಕಾಗೊ ಸುತ್ತಲಿನ ರಾಜ್ಯಗಳಲ್ಲಿ ಹೆಚ್ಚಾಗಿ ಹೈಯರ್ ಲರ್ನಿಂಗ್ ಕಮಿಷನ್, ಬಾಸ್ಟನ್ ಕಡೆ ನ್ಯೂ ಇಂಗ್ಲೆಂಡ್ ಕಮಿಷನ್, ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾ ಕಡೆ ಮಿಡ್ಲ್ ಸ್ಟೇಟ್ಸ್ ಕಮಿಷನ್, ಹೀಗೆ. ಆ ಕಮಿಷನ್ನಿನ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ಹಾಕಿದರೆ ಸ್ಥಿತಿ ಸಿಗುತ್ತದೆ. ‘ವಾರ್ನಿಂಗ್’, ‘ಪ್ರೊಬೇಶನ್’, ‘ಶೋ ಕಾಸ್’ ಎಂಬ ಪದಗಳಲ್ಲಿ ಯಾವುದೇ ಕಂಡರೂ ಅದರ ಕೆಳಗಿನ ಪತ್ರವನ್ನು ಪೂರ್ತಿ ಓದಿ. ಕಾರಣ ಹಣಕಾಸು ಎಂದಿದ್ದರೆ ಡಿಪಾಸಿಟ್ ಕಟ್ಟಬೇಡಿ. ಮಗಳು ಮುಂದೆ ಇಲ್ಲಿ ಬಂದು ಕಾಲೇಜಿನಲ್ಲಿ ಪಾಠ ಮಾಡುವುದಾದರೂ, ಸರ್ಕಾರಿ ಕೆಲಸಕ್ಕೆ ಹೋಗುವುದಾದರೂ ಈ ಅಕ್ರೆಡಿಟೇಶನ್ ಬೇಕಾಗುತ್ತದೆ. ವಿದೇಶಿ ಪದವಿಗೆ ಸಮಾನತೆ ಕೊಡಲು ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಆ ಸಂಸ್ಥೆಗೆ ಅದರ ಸ್ವಂತ ದೇಶದಲ್ಲಿ ಮಾನ್ಯತೆ ಇರಬೇಕು ಎನ್ನುವುದು ಅದರ ಮೂಲ ಷರತ್ತು.

ಇಷ್ಟು ಹಳೆಯ, ಇಷ್ಟು ಹೆಸರಿನ ಕಾಲೇಜುಗಳು ಏಕೆ ಮುಳುಗುತ್ತಿವೆ? ಬೋಧನೆ ಕೆಟ್ಟಿತು ಎಂದಲ್ಲ. ಮುಚ್ಚಿದ ಕಾಲೇಜುಗಳ ಅಧ್ಯಾಪಕರ ಕೆಲಸ ನಾನು ಬಲ್ಲೆ, ಬಹಳ ಗಟ್ಟಿ ಮೇಷ್ಟ್ರುಗಳಿದ್ದರು. ತೊಂದರೆ ಇರುವುದು ಲೆಕ್ಕದಲ್ಲಿ. ಕಲಾ ಕಾಲೇಜು ನಡೆಸುವುದು ದುಬಾರಿ. ಎರಕದ ಕುಲುಮೆ, ಲಿಥೋ ಪ್ರೆಸ್ಸು, ಸಿರಾಮಿಕ್ ಗೂಡು, ಗಾಳಿ ಹೊರಹಾಕುವ ವ್ಯವಸ್ಥೆ, ಒಬ್ಬ ಮೇಷ್ಟ್ರಿಗೆ ಹದಿನೈದೇ ಮಕ್ಕಳು. ನೂರೈವತ್ತು ಮಕ್ಕಳನ್ನು ಒಂದು ಹಾಲ್‌ನಲ್ಲಿ ಕೂರಿಸಿ ಇಂಟಾಲ್ಯೋ ಪ್ರಿಂಟ್ (ಕೊರೆದ ತಗಡಿನಿಂದ ಅಚ್ಚು) ತೆಗೆಯುವುದನ್ನು ಕಲಿಸಲಾಗದು. ದೊಡ್ಡ ವಿಶ್ವವಿದ್ಯಾಲಯವಾದರೆ ಒಂದು ವಿಭಾಗದ ಖರ್ಚನ್ನು ಇನ್ನೊಂದು ವಿಭಾಗದ ಆದಾಯ ಹೊರುತ್ತದೆ. ಒಂಟಿಯಾಗಿ ನಿಂತ ಕಲಾ ಕಾಲೇಜಿಗೆ ಆ ಆಸರೆ ಇಲ್ಲ. ದತ್ತಿ ನಿಧಿ ದೊಡ್ಡದಿಲ್ಲದಿದ್ದರೆ ಬರುವ ಹಣವೆಲ್ಲ ಮಕ್ಕಳ ಫೀಸಿನಿಂದಲೇ ಬರಬೇಕು. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದಿದೆ. ಆ ಮಕ್ಕಳು ಈಗ ಹದಿನೆಂಟಕ್ಕೆ ಬರುತ್ತಿದ್ದಾರೆ. ಐವತ್ತು ಮಕ್ಕಳು ಕಡಿಮೆಯಾದರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಗೊತ್ತೇ ಆಗುವುದಿಲ್ಲ, ಐನೂರು ಮಕ್ಕಳ ಕಾಲೇಜಿಗೆ ಅದು ಸಂಬಳದ ಪ್ರಶ್ನೆ. ನಿಮ್ಮ ಮಗಳಂಥ ವಿದೇಶಿ ವಿದ್ಯಾರ್ಥಿಗಳನ್ನು ಇಂಥ ಕಾಲೇಜುಗಳು ಇಷ್ಟು ಆಸೆಯಿಂದ ಕರೆಯುವುದಕ್ಕೂ ಇದು ಒಂದು ಕಾರಣ.

ಸ್ಯಾನ್ ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟಿನ ಕೊನೆಯ ವರ್ಷಗಳನ್ನು ನೋಡಿದರೆ ಇದು ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. 1871ರಲ್ಲಿ ಶುರುವಾದ ಕಾಲೇಜು. ಅದರ ಗ್ಯಾಲರಿಯ ಗೋಡೆಯ ಮೇಲೆ ಮೆಕ್ಸಿಕೊದ ಡಿಯೆಗೊ ರಿವೇರಾ 1931ರಲ್ಲಿ ಬರೆದ ದೊಡ್ಡ ಭಿತ್ತಿಚಿತ್ರ ಇದೆ. ನಗರ ಕಟ್ಟುವ ದೃಶ್ಯ, ಅದನ್ನು ಬರೆಯುತ್ತಿರುವ ಚಿತ್ರಕಾರರೂ ಅಟ್ಟಣಿಗೆಯ ಮೇಲೆ ಕೂತ ಹಾಗೆ ಚಿತ್ರದೊಳಗೇ ಇದ್ದಾರೆ. ಕಾಲೇಜು 2017ರಲ್ಲಿ ಫೋರ್ಟ್ ಮೇಸನ್ನಿನಲ್ಲಿ ಎರಡನೇ ಕ್ಯಾಂಪಸ್ ತೆರೆಯಿತು, ಸಾಲ ಬೆಳೆಯಿತು, ಮಕ್ಕಳು ಕಡಿಮೆಯಾದರು. 2020ರಲ್ಲಿ ಅದರ ಸಾಲವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟ್ಸ್, ಅಂದರೆ ಆಡಳಿತ ಮಂಡಳಿಯವರು, ಕೊಂಡುಕೊಂಡರು. ರಿವೇರಾ ಚಿತ್ರವನ್ನೇ ಮಾರುವ ಮಾತು ಬಂದಾಗ ಊರು ಸಿಟ್ಟಿಗೆದ್ದು 2021ರಲ್ಲಿ ಅದಕ್ಕೆ ಸ್ಮಾರಕದ ರಕ್ಷಣೆ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಜೊತೆ ವಿಲೀನದ ಮಾತುಕತೆ ಮುರಿದು 2022ರ ಜುಲೈಯಲ್ಲಿ ಕಾಲೇಜು ನಿಂತಿತು, 2023ರಲ್ಲಿ ದಿವಾಳಿಯಾಯಿತು. ಇದೂ ಸಂಘದ ಸದಸ್ಯನೇ ಆಗಿತ್ತು. ಗಮನಿಸಿ, ಇಲ್ಲಿ ಪ್ರತಿಯೊಂದು ಹೆಜ್ಜೆಯೂ ಹೊರಗಿನವರಿಗೆ ಕಾಣುವಂತಿತ್ತು. ಹೊಸ ಕಟ್ಟಡಕ್ಕೆ ಸಾಲ, ಆಸ್ತಿ ಮಾರಾಟದ ಸುದ್ದಿ, ಕೈಬಿಟ್ಟ ವಿಲೀನ. ಇವು ಕಂಡ ಕಾಲೇಜಿಗೆ ಮೊದಲ ವರ್ಷದ ಮಗುವನ್ನು ಕಳಿಸಬಾರದು.

ಎಲ್ಲ ಮುಚ್ಚುವಿಕೆಯೂ ಒಂದೇ ರೀತಿಯದಲ್ಲ ಎನ್ನುವುದನ್ನೂ ಹೇಳಬೇಕು. ಮೆಂಫಿಸ್ ಕಾಲೇಜ್ ಆಫ್ ಆರ್ಟ್ 2017ರಲ್ಲೇ ಮುಚ್ಚುವುದಾಗಿ ಹೇಳಿ, ಹೊಸ ಸೇರ್ಪಡೆ ನಿಲ್ಲಿಸಿ, ಇದ್ದವರಿಗೆ ಓದು ಮುಗಿಸಲು ಅವಕಾಶ ಕೊಟ್ಟು 2020ರಲ್ಲಿ ಬಾಗಿಲು ಹಾಕಿತು. 1805ರಿಂದ ಇರುವ ಪೆನ್ಸಿಲ್ವೇನಿಯಾ ಅಕಾಡೆಮಿ ಆಫ್ ದಿ ಫೈನ್ ಆರ್ಟ್ಸ್ ಪದವಿ ಕೋರ್ಸುಗಳನ್ನು ನಿಲ್ಲಿಸುವುದಾಗಿ 2024ರ ಜನವರಿಯಲ್ಲೇ, ಒಂದು ವರ್ಷಕ್ಕಿಂತ ಮುಂಚೆ, ತಿಳಿಸಿತು. ನ್ಯಾಶ್‌ವಿಲ್ಲಿನ ವಾಟ್ಕಿನ್ಸ್ 2020ರಲ್ಲಿ ಬೆಲ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಸೇರಿಹೋಯಿತು. ವಿಲೀನವಾದರೆ ಪದವಿ ಉಳಿಯುತ್ತದೆ, ಆದರೆ ನೀವು ಆರಿಸಿಕೊಂಡ ಕಾಲೇಜಿನ ಗುಣ ಉಳಿಯುತ್ತದೆ ಎಂದೇನಿಲ್ಲ.

ನಮ್ಮ ಮಕ್ಕಳಿಗೆ ಹಠಾತ್ ಮುಚ್ಚುವಿಕೆಯ ಪೆಟ್ಟು ಅಮೆರಿಕನ್ ಮಕ್ಕಳಿಗಿಂತ ಜೋರು. ಅಲ್ಲಿನವರ ಫೆಡರಲ್ ಸಾಲವನ್ನು ಕಾಲೇಜು ಮುಚ್ಚಿದ ಕಾರಣಕ್ಕೆ ಮನ್ನಾ ಮಾಡಿಸಿಕೊಳ್ಳಲು ದಾರಿ ಇದೆ. ನಿಮ್ಮ ಸಾಲ ನಮ್ಮ ಬ್ಯಾಂಕಿನದು, ಮನೆ ಪತ್ರ ಅವರ ಬೀರುವಿನಲ್ಲಿರುತ್ತದೆ. ಕಾಲೇಜು ಇರಲಿ ಇಲ್ಲದಿರಲಿ ಕಂತು ಕಟ್ಟಲೇಬೇಕು. ಎರಡನೆಯದು ವೀಸಾ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮಗುವಿನ ದಾಖಲೆ ಸೆವಿಸ್ ಎಂಬ ವ್ಯವಸ್ಥೆಯಲ್ಲಿ ಕಾಲೇಜಿನ ಹೆಸರಲ್ಲಿರುತ್ತದೆ. ಕಾಲೇಜು ಮುಚ್ಚಿದರೆ ಆ ದಾಖಲೆಯನ್ನು ಬೇಗ ಇನ್ನೊಂದು ಮಾನ್ಯ ಕಾಲೇಜಿಗೆ ವರ್ಗಾಯಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಸಿಕ್ಕ ಕಾಲೇಜಿಗೆ ಕೇಳಿದ ಫೀಸಿಗೆ ಸೇರುವ ಒತ್ತಡ ಬರುವುದು ಇಲ್ಲಿಂದಲೇ.

ಈಗ ನಿಮ್ಮ ಕೈಯಲ್ಲಿರುವ ಪತ್ರಕ್ಕೆ ಬರೋಣ. 20,000 ಡಾಲರ್ ಸ್ಕಾಲರ್‌ಶಿಪ್ ನೋಡಿ ಹಿಗ್ಗುವುದು ಸಹಜ, ಮಗಳ ಕೆಲಸಕ್ಕೆ ಬೆಲೆ ಇದೆ ಎನ್ನುವುದೂ ನಿಜ. ಆದರೆ ಖಾಸಗಿ ಕಾಲೇಜುಗಳು ಮೊದಲ ವರ್ಷದವರಿಗೆ ಹೇಳುವ ಫೀಸಿನಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚು ಹೀಗೆ ಬಿಟ್ಟುಕೊಡುತ್ತವೆ. ಅದರ ಬಹುಪಾಲು ಯಾರೋ ದಾನಿ ಕೊಟ್ಟ ಹಣವಲ್ಲ, ಬೆಲೆಯಲ್ಲಿ ಕಡಿತ ಅಷ್ಟೆ. ಕಡಿತ ಡಾಲರ್ ಲೆಕ್ಕದಲ್ಲಿ ನಿಂತೇ ಇರುತ್ತದೆ, ಫೀಸು ಮಾತ್ರ ವರ್ಷ ವರ್ಷ ಏರುತ್ತದೆ. ವರ್ಷಕ್ಕೆ ಶೇ 4ರಂತೆ ಏರಿತು ಎಂದುಕೊಳ್ಳಿ. 48,000 ಎರಡನೇ ವರ್ಷ 49,920, ಮೂರನೇ ವರ್ಷ 51,917, ನಾಲ್ಕನೇ ವರ್ಷ 53,994 ಆಗುತ್ತದೆ. ನೀವು ಕೈಯಿಂದ ಕಟ್ಟುವುದು ಮೊದಲ ವರ್ಷ 28,000, ಕೊನೆಯ ವರ್ಷ 33,994. ನಾಲ್ಕು ವರ್ಷಕ್ಕೆ 1,12,000 ಎಂದು ಲೆಕ್ಕ ಹಾಕಿದ್ದರೆ ಸುಮಾರು 12,000 ಡಾಲರ್ ಹೆಚ್ಚಿಗೆ ಬೇಕಾಯಿತು. ಇದು ಬರೀ ಫೀಸು. ಹಾಸ್ಟೆಲು, ಊಟ, ಆರೋಗ್ಯ ವಿಮೆ, ಬಣ್ಣ, ಕಾಗದ, ಲ್ಯಾಪ್‌ಟಾಪ್ ಎಲ್ಲ ಬೇರೆ, ಮೇಲೆ ರೂಪಾಯಿ ಇಳಿದರೆ ಅದೂ ನಿಮ್ಮ ತಲೆಗೇ. ಸ್ಕಾಲರ್‌ಶಿಪ್ ನಾಲ್ಕೂ ವರ್ಷಕ್ಕೋ, ಯಾವ ಜಿಪಿಎಗಿಂತ (ಸರಾಸರಿ ಅಂಕ) ಕೆಳಗಿಳಿದರೆ ನಿಲ್ಲುತ್ತದೆ ಎಂದು ಕಾಲೇಜಿನಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಏಜೆಂಟರಿಂದ ಅಲ್ಲ. ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆಯೇ ಎಂದೂ ನೇರವಾಗಿ ಕೇಳಿ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಕಮಿಷನ್ ಕೊಡಲು ಅಮೆರಿಕದ ಕಾನೂನಿನಲ್ಲಿ ಅಡ್ಡಿಯಿಲ್ಲ. ಕೇಳುವುದು ನಿಮ್ಮ ಹಕ್ಕು.

ಕಾಲೇಜಿನ ಹಣದ ಆರೋಗ್ಯವನ್ನು ನೀವೇ ನೋಡಬಹುದು, ಒಂದು ರೂಪಾಯಿ ಖರ್ಚಿಲ್ಲದೆ. ಅಮೆರಿಕದ ಲಾಭರಹಿತ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ‘ಫಾರ್ಮ್ 990’ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಪ್ರೊಪಬ್ಲಿಕಾ ಎಂಬ ಪತ್ರಿಕಾ ಸಂಸ್ಥೆಯ ‘ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್’ ಪುಟದಲ್ಲಿ ಕಾಲೇಜಿನ ಹೆಸರು ಹಾಕಿದರೆ ಸಿಗುತ್ತದೆ. ಮೊದಲ ಪುಟ ಸಾಕು. ಹಿಂದಿನ ವರ್ಷ, ಈ ವರ್ಷ ಎಂದು ಎರಡು ಕಾಲಂ ಪಕ್ಕಪಕ್ಕದಲ್ಲಿವೆ. ಸಾಲು 9 ಫೀಸು ಮುಂತಾದ ಆದಾಯ, ಸಾಲು 12 ಒಟ್ಟು ಆದಾಯ, ಸಾಲು 18 ಒಟ್ಟು ಖರ್ಚು, ಸಾಲು 19 ಉಳಿತಾಯ ಅಥವಾ ನಷ್ಟ, ಸಾಲು 22 ಸಾಲ ಕಳೆದು ಉಳಿದ ಆಸ್ತಿ. ನಾಲ್ಕೈದು ವರ್ಷದ ಫಾರ್ಮು ತೆಗೆದು ಸಾಲು 19 ಮತ್ತು 22ನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಖಾತೆ ಪುಸ್ತಕ ನೋಡುವ ನಿಮಗೆ ಉಳಿದದ್ದನ್ನು ನಾನು ಹೇಳಬೇಕಿಲ್ಲ. ಒಂದು ವರ್ಷದ ನಷ್ಟಕ್ಕೆ ಹೆದರಬೇಡಿ, ಸತತ ನಷ್ಟದ ಜೊತೆ ಆಸ್ತಿಯೂ ಕರಗುತ್ತಿದ್ದರೆ ಹೆದರಿ. ಸಾಲು 9 ಸಾಲು 12ರ ಹತ್ತಿರಹತ್ತಿರ ಇದ್ದರೆ ಆ ಕಾಲೇಜು ಬದುಕಿರುವುದು ಮಕ್ಕಳ ಫೀಸಿನಲ್ಲೇ ಎಂದರ್ಥ.

ಅಮೆರಿಕ ಸರ್ಕಾರದ ‘ಕಾಲೇಜ್ ನ್ಯಾವಿಗೇಟರ್’ ತಾಣದಲ್ಲಿ ಒಟ್ಟು ವಿದ್ಯಾರ್ಥಿಗಳು, ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಉಳಿದವರು, ಪದವಿ ಮುಗಿಸಿದವರ ಪ್ರಮಾಣ ಇದೆ. ಖಾಸಗಿ ಕಾಲೇಜುಗಳ ಆರ್ಥಿಕ ಸ್ಥಿತಿಗೆ ಅಲ್ಲಿನ ಶಿಕ್ಷಣ ಇಲಾಖೆ ಮೈನಸ್ 1ರಿಂದ 3ರವರೆಗೆ ಅಂಕವನ್ನೂ ಕೊಡುತ್ತದೆ. 1.5 ಮತ್ತು ಮೇಲಿದ್ದರೆ ಸರಿ, ಕೆಳಗಿದ್ದರೆ ಇಲಾಖೆಯೇ ಕಣ್ಣಿಟ್ಟಿರುತ್ತದೆ. ಈ ಅಂಕ ತಡವಾಗಿ ಹೊರಬರುವುದರಿಂದ ಅದೊಂದನ್ನೇ ನಂಬಬೇಡಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಸಾಲ ತೀರುವುದು ಮಾತ್ರ ಅದರ ಮೇಲೆಯೇ. ಈಗಿರುವ ನಿಯಮದಂತೆ ಪದವಿ ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವುದು ಒಪಿಟಿ ಎಂಬ 12 ತಿಂಗಳ ಅನುಮತಿ. ಇನ್ನೂ 24 ತಿಂಗಳು ಸಿಗಬೇಕಾದರೆ ಕೋರ್ಸಿನ ಕೋಡ್ ‘ಸ್ಟೆಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರಬೇಕು. ಇಲಸ್ಟ್ರೇಶನ್ ಅದರಲ್ಲಿಲ್ಲ. ಅನಿಮೇಶನ್ ಮತ್ತು ವಿಶುವಲ್ ಎಫೆಕ್ಟ್ಸಿನ 10.0304 ಎಂಬ ಕೋಡ್ ಇದೆ. ವೀಸಾಕ್ಕಾಗಿ ಕಾಲೇಜಿನಿಂದ ಮಗಳಿಗೆ ಬರುವ ಐ-20 ಪತ್ರದಲ್ಲಿ ಅವಳ ಕೋರ್ಸಿನ ಕೋಡ್ ಅಚ್ಚಾಗಿರುತ್ತದೆ. ಅವಳಿಗೆ ಇಷ್ಟವಿಲ್ಲದ ಅನಿಮೇಶನ್ನಿಗೆ ತಳ್ಳಿ ಎಂದು ನಾನು ಹೇಳುತ್ತಿಲ್ಲ. ಒಂದು ವರ್ಷದ ಸಂಬಳ ನಂಬಿ ನಾಲ್ಕು ವರ್ಷದ ಸಾಲ ಮಾಡುತ್ತಿದ್ದೀರಿ ಎನ್ನುವುದು ಗೊತ್ತಿದ್ದು ಮಾಡಿ.

ಹಾಗಾದರೆ ದಾರಿಗಳೇನು? ಒಂದು, ಇದೇ ಕಾಲೇಜು, ಮೇಲಿನ ಪರೀಕ್ಷೆಗಳಲ್ಲಿ ಗೆದ್ದರೆ. ಸಣ್ಣ ಕಾಲೇಜಿನಲ್ಲಿ ಸಿಗುವ ಗಮನ ದೊಡ್ಡ ಕಡೆ ಸಿಗುವುದಿಲ್ಲ, ಚಿತ್ರ ಬಿಡಿಸುವ ಮಗುವಿಗೆ ಅದು ದೊಡ್ಡ ಸಂಪತ್ತು. ಎರಡು, ಸರ್ಕಾರಿ ವಿಶ್ವವಿದ್ಯಾಲಯದ ಕಲಾ ವಿಭಾಗ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಕಲಾ ಶಾಲೆ ಬಹಳ ಹೆಸರುವಾಸಿ, ಈ ಸಂಘದಲ್ಲಿ ಇಲ್ಲದೆಯೂ. ಇಡೀ ಸಂಸ್ಥೆ ಮುಚ್ಚುವ ಭಯ ಇಲ್ಲಿ ಬಹಳ ಕಡಿಮೆ, ಒಂದು ಕೋರ್ಸು ನಿಲ್ಲಿಸುವ ಸಾಧ್ಯತೆ ಮಾತ್ರ ಇರುತ್ತದೆ. ಸ್ಕಾಲರ್‌ಶಿಪ್ ಇಷ್ಟು ಧಾರಾಳವಾಗಿ ಸಿಗುವುದಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಮೂರನೆಯದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲೋ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲೋ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ, ಎಂಎಫ್ಎಗೆ ಹೊರಗೆ ಹೋಗುವುದು. ನಿಮ್ಮ ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆಯಲ್ಲ, ಅಲ್ಲಿಂದ ಹೊರಬಂದು ಒಳ್ಳೆಯ ಕೆಲಸ ಮಾಡುತ್ತಿರುವವರಿದ್ದಾರೆ. ಎಂಎಫ್ಎ ಎರಡೇ ವರ್ಷ, ಅಪಾಯದ ಅವಧಿ ಅರ್ಧ. ಬೋಧನಾ ಸಹಾಯಕಿಯಾಗಿ ಫೀಸು ವಿನಾಯಿತಿ ಪಡೆಯುವ ಅವಕಾಶವೂ ಆ ಹಂತದಲ್ಲಿ ಹೆಚ್ಚು. ಇಪ್ಪತ್ತೆರಡರ ಹೊತ್ತಿಗೆ ತನಗೆ ಯಾವ ಬಗೆಯ ಕೆಲಸ ಬೇಕು ಎಂಬುದೂ ಅವಳಿಗೆ ಗೊತ್ತಿರುತ್ತದೆ. ಇದರ ನಷ್ಟವನ್ನೂ ಹೇಳಿಬಿಡುತ್ತೇನೆ: ನಮ್ಮ ಕಾಲೇಜುಗಳಲ್ಲಿ ಇಲಸ್ಟ್ರೇಶನ್ ಅನ್ನೇ ಪ್ರತ್ಯೇಕವಾಗಿ ಆಳಕ್ಕೆ ಕಲಿಸುವುದು ಕಡಿಮೆ. ಪೇಂಟಿಂಗ್, ಪ್ರಿಂಟ್, ಅನ್ವಯಿಕ ಕಲೆಯ ಮೂಲಕ ಅವಳೇ ದಾರಿ ಮಾಡಿಕೊಳ್ಳಬೇಕು. ಮಗಳ ಜೊತೆ ಈ ಮಾತು ಕೂತು ಆಡಿ. ಅವಳಿಗೆ ತಿಳಿಯದಂತೆ ನೀವೊಬ್ಬರೇ ತೀರ್ಮಾನ ಮಾಡಬೇಡಿ.

ಮೇ 1ಕ್ಕೆ ಮುಂಚೆ ಕಾಲೇಜಿನ ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಕಳಿಸಿ: ಐದು ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದರು, ಅಕ್ರೆಡಿಟೇಶನ್ ಸಂಸ್ಥೆಯಿಂದ ಯಾವುದಾದರೂ ಎಚ್ಚರಿಕೆ ಬಂದಿದೆಯೇ, ಕಾಲೇಜು ನಿಂತರೆ ಇದ್ದವರನ್ನು ಓದಿಸಿ ಮುಗಿಸುವ ಒಪ್ಪಂದ ಯಾರ ಜೊತೆಗಾದರೂ ಇದೆಯೇ, ವೀಸಾ ಸಿಗದಿದ್ದರೆ ಡಿಪಾಸಿಟ್ ವಾಪಸ್ ಬರುತ್ತದೆಯೇ. ಗಡುವನ್ನು ಒಂದು ತಿಂಗಳು ಮುಂದಕ್ಕೆ ಹಾಕಿಕೊಡಿ ಎಂದೂ ಕೇಳಿ. ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟೋ ಕಾಲೇಜು ಒಪ್ಪುತ್ತವೆ. ಗಟ್ಟಿ ಕಾಲೇಜಿನವರು ಈ ಪ್ರಶ್ನೆಗಳಿಗೆ ಅಂಕಿ ಸಮೇತ ಉತ್ತರ ಕೊಡುತ್ತಾರೆ. ಉತ್ತರದಲ್ಲಿ ಅಂಕಿ ಇಲ್ಲದೆ ಬರೀ ಹೊಗಳಿಕೆ ಇದ್ದರೆ, ಅಥವಾ ಮತ್ತೆ ಸಂಘದ ಸದಸ್ಯತ್ವವನ್ನೇ ಮುಂದಿಟ್ಟರೆ, ಡಿಪಾಸಿಟ್ ಕಟ್ಟಬೇಡಿ. ಮನೆ ಪತ್ರವನ್ನಂತೂ ಈ ಉತ್ತರ ಮತ್ತು ವೀಸಾ ಎರಡೂ ಕೈಗೆ ಬರುವವರೆಗೆ ಬ್ಯಾಂಕಿಗೆ ಒಪ್ಪಿಸಬೇಡಿ. ಸಾಲದ ಮಂಜೂರಾತಿ ಪತ್ರ ಪಡೆದಿಟ್ಟುಕೊಂಡು, ಅಡಮಾನದ ನೋಂದಣಿಯನ್ನು ಹಣ ಬಿಡುಗಡೆಯ ಹೊತ್ತಿಗೆ ಮಾಡಿಸಲು ಬರುತ್ತದೆಯೇ ಎಂದು ಮ್ಯಾನೇಜರರನ್ನು ಈಗಲೇ ಕೇಳಿಡಿ.